ಮದುವೆಯನ್ನೇ ಅಳಿಸಿದ ಮೇಲೆ ಸ್ಪೈಡರ್ ಮ್ಯಾನ್ ಓದಬೇಕಾ, ಬಿಡಬೇಕಾ?

ಮಂಡಿಪೇಟೆ ಹುಡುಗ, ದಾವಣಗೆರೆ

ಇದನ್ನು ಬರೆಯಬೇಕು ಅಂತ ಬಹಳ ದಿನದಿಂದ ಅಂದುಕೊಳ್ಳುತ್ತಿದ್ದೆ. ಸ್ಪೈಡರ್ ಮ್ಯಾನ್ ಕಾಮಿಕ್ಸ್ ಓದುವುದನ್ನು ಬಿಟ್ಟೇಬಿಡುವ ಹಂತಕ್ಕೆ ಬಂದಿದ್ದೇನೆ. ಸಿನಿಮಾ ಮಾತಲ್ಲ, ಪುಸ್ತಕದ ಮಾತು. ಹೈಸ್ಕೂಲಿನಲ್ಲಿದ್ದಾಗ ಹಳೇ ಪುಸ್ತಕದ ಅಂಗಡಿಯಲ್ಲಿ ಮುಖಪುಟ ಹರಿದ ಸಂಚಿಕೆಗಳನ್ನು ಆರಿಸಿ ತಂದು ಶುರು ಮಾಡಿದವನು ನಾನು. ಕೆಲಸ ಸಿಕ್ಕ ಮೇಲೆ ದಪ್ಪ ಸಂಪುಟಗಳನ್ನು ತರಿಸಿಕೊಂಡು 1962ರ ಮೊದಲ ಕಥೆಯಿಂದ ಓದುತ್ತಾ ಬಂದೆ.

ನನ್ನ ತಕರಾರು ಒಂದೇ. 1987ರಲ್ಲಿ ಪೀಟರ್‌ಗೂ (ಸ್ಪೈಡರ್ ಮ್ಯಾನ್ ಮುಖವಾಡದ ಹಿಂದಿರುವವನು) ಅವನ ಪ್ರೇಯಸಿ ಮೇರಿ ಜೇನ್‌ಗೂ ಮದುವೆ ಮಾಡಿಸಿದರು. 20 ವರ್ಷ ಅವರನ್ನು ಗಂಡ ಹೆಂಡತಿಯಾಗಿ ನಮಗೆ ತೋರಿಸಿದರು. 2007ರಲ್ಲಿ ಬಂದ 'ಒನ್ ಮೋರ್ ಡೇ' ಕಥೆಯಲ್ಲಿ, ಪೀಟರ್‌ನನ್ನು ಸಾಕಿದ ಮೇ ಅತ್ತೆ ಗುಂಡೇಟು ಬಿದ್ದು ಸಾವಿನ ಅಂಚಿನಲ್ಲಿರುತ್ತಾಳೆ. ಅವಳ ಜೀವ ಉಳಿಸಲು ಮೆಫಿಸ್ಟೋ ಅನ್ನುವ ಸೈತಾನನ ಹತ್ತಿರ ಇವರಿಬ್ಬರೂ ಒಪ್ಪಂದ ಮಾಡಿಕೊಳ್ಳುತ್ತಾರೆ. ಅವನು ಕೇಳುವುದು ಪ್ರಾಣ ಅಲ್ಲ, ಆತ್ಮ ಅಲ್ಲ, ಮದುವೆ. ಮಾರನೇ ದಿನ ಎದ್ದರೆ ಮದುವೆ ಆಗಿರಲೇ ಇಲ್ಲ. ಯಾರಿಗೂ ನೆನಪಿಲ್ಲ. ಸತ್ತುಹೋಗಿದ್ದ ಗೆಳೆಯ ಹ್ಯಾರಿ ಆಸ್ಬಾರ್ನ್ ಕೂಡ ಬದುಕಿ ಬಂದ.

ಕಥೆಯಲ್ಲಿ ಕೆಟ್ಟದ್ದು ಆಗಬಾರದು ಅಂತ ನಾನು ಹೇಳುತ್ತಿಲ್ಲ. 1973ರಲ್ಲಿ 121ನೇ ಸಂಚಿಕೆಯಲ್ಲಿ ಪೀಟರ್ ಆಗ ಪ್ರೀತಿಸುತ್ತಿದ್ದ ಗ್ವೆನ್ ಸತ್ತಳು. ಅದನ್ನು ಓದಿ ಎರಡು ದಿನ ಊಟ ಸೇರಲಿಲ್ಲ. ಆದರೂ ಆ ಕಥೆಯ ಮೇಲೆ ನನಗೆ ಸಿಟ್ಟಿಲ್ಲ. ಯಾಕೆಂದರೆ ಅದರ ಮುಂದಿನ ಸಂಚಿಕೆಯ ಕೊನೇ ಪುಟ ಇದೆಯಲ್ಲ, ಅದನ್ನು ಬರೆದವರು ಗ್ವೆನ್ ಸಾವಿಗೆ ಬೆಲೆ ಕೊಟ್ಟಿದ್ದಾರೆ. ಪೀಟರ್ ಮನೆಗೆ ಬರುತ್ತಾನೆ. ಮೇರಿ ಜೇನ್ ಅಲ್ಲಿರುತ್ತಾಳೆ. ಅವನು ದುಃಖದಲ್ಲಿ ಅವಳ ಮೇಲೆ ರೇಗುತ್ತಾನೆ, ಹೋಗು ಅನ್ನುತ್ತಾನೆ. ಅವಳು ಬಾಗಿಲ ತನಕ ಹೋಗುತ್ತಾಳೆ. ಬಾಗಿಲ ಮೇಲೆ ಕೈ ಇಡುತ್ತಾಳೆ. ಹಾಗೇ ನಿಲ್ಲುತ್ತಾಳೆ, ಕಣ್ಣಲ್ಲಿ ನೀರು. ಆಮೇಲೆ ಬಾಗಿಲು ಹಾಕುತ್ತಾಳೆ, ಒಳಗೇ ಇದ್ದುಕೊಂಡು. ಅಷ್ಟೇ. ಬರೀ ಮಜಾ ಮಾಡಿಕೊಂಡು ತಿರುಗುತ್ತಿದ್ದ ಹುಡುಗಿ ಆ ಒಂದು ಪುಟದಲ್ಲಿ ದೊಡ್ಡವಳಾಗಿಬಿಟ್ಟಳು. ಅವರ ಮದುವೆಯ ಬೀಜ ಅಲ್ಲಿದೆ. 2007ರಲ್ಲಿ ಇವರು ಕಿತ್ತುಹಾಕಿದ್ದು ಅದನ್ನೇ.

2022ರಲ್ಲಿ ಹೊಸದಾಗಿ 1ನೇ ಸಂಚಿಕೆಯಿಂದ ಶುರು ಮಾಡಿದಾಗಲೂ ಆಸೆ ಇಟ್ಟುಕೊಂಡು ಓದಿದೆ. ಮತ್ತೆ ಅದೇ ಕಥೆ. ಇಬ್ಬರನ್ನೂ ಹತ್ತಿರ ತರುವುದು, ಕಿತ್ತುಕೊಳ್ಳುವುದು. ನಿಮಗೆಲ್ಲ ಹೀಗೆ ಅನ್ನಿಸಿಲ್ವಾ? ಅಥವಾ ನಾನೊಬ್ಬನೇ ಜಾಸ್ತಿ ಮನಸ್ಸಿಗೆ ಹಚ್ಚಿಕೊಂಡಿದ್ದೇನಾ?

ಜೋಗಿಮಟ್ಟಿ, ಚಿತ್ರದುರ್ಗ

ನೀವೊಬ್ಬರೇ ಅಲ್ಲ ಗುರು. ಆ ಪಾಲ್ ಹೆಸರು ಕೇಳಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಪಿಜೆ ಬಡಾವಣೆ, ದಾವಣಗೆರೆ

ಪಾಲ್ ಯಾರು? ನಾನು ಸಿನಿಮಾ ನೋಡಿದವನು, ಪುಸ್ತಕ ಓದಿಲ್ಲ.

ಜೋಗಿಮಟ್ಟಿ, ಚಿತ್ರದುರ್ಗ

2022ರ ಸರಣಿ ಶುರುವಾಗುವುದೇ ಆರು ತಿಂಗಳು ಮುಂದಕ್ಕೆ ಹಾರಿ. ಪೀಟರ್‌ನನ್ನು ಎಲ್ಲರೂ ದೂರ ಇಟ್ಟಿದ್ದಾರೆ, ಮೇರಿ ಜೇನ್ ಪಾಲ್ ಅನ್ನುವವನ ಜೊತೆ ಇದ್ದಾಳೆ, ಅವಳನ್ನು ಅಮ್ಮ ಅನ್ನುವ ಎರಡು ಮಕ್ಕಳು ಬೇರೆ. ಏನಾಯಿತು ಅಂತ ಹೇಳುವುದೇ ಇಲ್ಲ. ಒಂದು ವರ್ಷ ಕಾಯಿಸಿ 2023ರಲ್ಲಿ ಬಾಯಿ ಬಿಟ್ಟರು. ಮೇರಿ ಜೇನ್, ಪಾಲ್ ಇಬ್ಬರೂ ಬೇರೆ ಲೋಕದಲ್ಲಿ ಸಿಕ್ಕಿಹಾಕಿಕೊಂಡಿದ್ದರಂತೆ, ಅಲ್ಲಿ ಕಾಲ ಬೇರೆ ವೇಗದಲ್ಲಿ ಓಡುತ್ತದಂತೆ. ಆಮೇಲೆ ನೋಡಿದರೆ ಆ ಮಕ್ಕಳೇ ನಿಜವಲ್ಲ, ಮಾಯೆ. ಅದೇ ಹೊತ್ತಿಗೆ 26ನೇ ಸಂಚಿಕೆಯಲ್ಲಿ ಮಿಸ್ ಮಾರ್ವೆಲ್ ಕಮಲಾ ಖಾನ್‌ಳನ್ನು ಸಾಯಿಸಿದರು. ಪೀಟರ್ ಪುಸ್ತಕದಲ್ಲಿ! ಅವಳದೇ ಪುಸ್ತಕದಲ್ಲಿ ಅಲ್ಲ. ಕೆಲವೇ ತಿಂಗಳಲ್ಲಿ ಮತ್ತೆ ಬದುಕಿಸಿದರು.

ಕುಂದವಾಡ ಕೆರೆ, ದಾವಣಗೆರೆ

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. 60 ವರ್ಷ ದಾಟಿದ ಪಾತ್ರ ಇದು. ಪ್ರತಿ ಹತ್ತು ವರ್ಷಕ್ಕೊಮ್ಮೆ ಹೊಸ ಹುಡುಗರು ಬರಬೇಕು, ಇಲ್ಲದಿದ್ದರೆ ಪುಸ್ತಕವೇ ನಿಲ್ಲುತ್ತದೆ. ಆಗ ಪ್ರಕಾಶಕರಾದ ಮಾರ್ವೆಲ್‌ನ ಪ್ರಧಾನ ಸಂಪಾದಕರಾಗಿದ್ದ ಜೋ ಕೆಸಾಡಾ ಹೇಳಿದ್ದೂ ಅದನ್ನೇ. ಮದುವೆಯಾದ ಪೀಟರ್‌ಗೆ ವಯಸ್ಸಾದ ಹಾಗೆ ಕಾಣುತ್ತದೆ, ಕಥೆಗೆ ದಾರಿ ಕಡಿಮೆಯಾಗುತ್ತದೆ, ಡೈವೋರ್ಸ್ ಕೊಡಿಸಿದರೆ ಇನ್ನೂ ಕೆಟ್ಟದು ಅಂತ. ಕಾಲೇಜು ಹುಡುಗ, ಬಾಡಿಗೆ ಕಟ್ಟಲು ದುಡ್ಡಿಲ್ಲ, ಹುಡುಗಿ ಹತ್ತಿರ ಹೋಗುವಷ್ಟರಲ್ಲಿ ಎಲ್ಲೋ ಸೈರನ್ ಕೇಳಿಸುತ್ತದೆ. ಸ್ಪೈಡರ್ ಮ್ಯಾನ್ ಅಂದರೆ ಇದೇ ಅಲ್ವಾ?

ಮತ್ತೆ 2008ರಿಂದ ಬಂದ ಕಥೆಗಳೆಲ್ಲ ಕೆಟ್ಟವೇನಲ್ಲ. ಖಳನಾಯಕ ಡಾಕ್ಟರ್ ಆಕ್ಟೋಪಸ್ ಪೀಟರ್‌ನ ಮೈಯೊಳಗೆ ಸೇರಿಕೊಂಡು 2013ರಲ್ಲಿ 'ಸುಪೀರಿಯರ್' ಸರಣಿ ಬಂತಲ್ಲ, ಡ್ಯಾನ್ ಸ್ಲಾಟ್ ಬರೆದಿದ್ದು. ಶುರುವಾಗುವ ಮೊದಲು ಎಲ್ಲರೂ ಬಾಯಿಗೆ ಬಂದ ಹಾಗೆ ಬೈದರು. ಓದಿದ ಮೇಲೆ ಬೈದವರೇ ಮೆಚ್ಚಿಕೊಂಡರು.

ಮಂಡಿಪೇಟೆ ಹುಡುಗ, ದಾವಣಗೆರೆ

ಸುಪೀರಿಯರ್ ನನಗೂ ಇಷ್ಟ. ಅದನ್ನೇ ನಾನೂ ಹೇಳುತ್ತಿರುವುದು. ಅಲ್ಲಿ ಹಳೆಯದನ್ನು ಅಳಿಸಲಿಲ್ಲ. ಆಕ್ಟೋಪಸ್‌ನ 50 ವರ್ಷದ ದ್ವೇಷ, ಪೀಟರ್‌ನ ಒಳ್ಳೆಯತನ ಎರಡನ್ನೂ ಇಟ್ಟುಕೊಂಡೇ ಕಥೆ ಕಟ್ಟಿದರು. ಅದು ಬದಲಾವಣೆ. ಒನ್ ಮೋರ್ ಡೇ ಬದಲಾವಣೆ ಅಲ್ಲ. ನೀವು ಓದಿದ್ದು ಲೆಕ್ಕಕ್ಕಿಲ್ಲ ಅಂತ ಮುಖಕ್ಕೆ ಹೇಳಿದ ಹಾಗೆ.

ಹೊಸ ಓದುಗರು ಬರಲಿ ಅಣ್ಣ, ಯಾರು ಬೇಡ ಅಂದರು? ಅವರಿಗೆ ಅಂತಲೇ 2011ರಲ್ಲಿ ಮೈಲ್ಸ್ ಮೊರಾಲೆಸ್ ಅನ್ನುವ ಇನ್ನೊಬ್ಬ ಸ್ಪೈಡರ್ ಮ್ಯಾನ್ ಬಂದ. ಹೈಸ್ಕೂಲ್ ಹುಡುಗ. ಅವನನ್ನು ತರಲು ಯಾರ ಮದುವೆಯನ್ನೂ ಮುರಿಯಬೇಕಾಗಿರಲಿಲ್ಲ.

ಹಳೇ ಸುಧಾ ಓದುಗ, ಚಿತ್ರದುರ್ಗ

ನಾನು ಇಲ್ಲಿ ಎಲ್ಲರಿಗಿಂತ ಹಿರಿಯ ಅನ್ನಿಸುತ್ತದೆ. ನನಗೆ ಸ್ಪೈಡರ್ ಮ್ಯಾನ್ ಗೊತ್ತಿರುವುದು ಮಗನಿಂದ. ನಮ್ಮ ಕಾಲದಲ್ಲಿ ಫ್ಯಾಂಟಮ್. ಸುಧಾ ಮನೆಗೆ ಬಂದ ತಕ್ಷಣ ಅಕ್ಕನಿಗೆ ಧಾರಾವಾಹಿ ಬೇಕು, ನನಗೆ ಫ್ಯಾಂಟಮ್ ಬೇಕು, ಕಿತ್ತಾಟ. ಆಮೇಲೆ ಇಂದ್ರಜಾಲ ಕಾಮಿಕ್ಸ್. 1964ರಿಂದ 1990ರ ತನಕ ಬಂತು ಅದು. ಸಂತೆಪೇಟೆ ಕಡೆ ಒಬ್ಬರು ದಿನದ ಲೆಕ್ಕದಲ್ಲಿ ಬಾಡಿಗೆಗೆ ಕೊಡುತ್ತಿದ್ದರು. ಮಡಚಿದರೆ ಬೈಯುತ್ತಿದ್ದರು.

ನಿಮ್ಮ ಈ ವಾದಕ್ಕೆ ಫ್ಯಾಂಟಮ್ ಒಳ್ಳೇ ಉತ್ತರ. ಲೀ ಫಾಕ್ 1936ರಲ್ಲಿ ಶುರು ಮಾಡಿದ. ಡಯಾನಾ ಮೊದಲ ಕಥೆಯಿಂದಲೇ ಇದ್ದಾಳೆ. 40 ವರ್ಷ ಕಾಯಿಸಿ 1977ರಲ್ಲಿ ಮದುವೆ ಮಾಡಿಸಿದ. 1979ರಲ್ಲಿ ಅವಳಿ ಮಕ್ಕಳು, ಕಿಟ್ ಮತ್ತು ಹೆಲೋಯಿಸ್. ಆಮೇಲೆ ಫ್ಯಾಂಟಮ್‌ಗೆ ವಯಸ್ಸಾಯಿತು ಅಂತ ಯಾರಾದರೂ ಓದುವುದನ್ನು ಬಿಟ್ಟರಾ? ಅವನು ಗವಿಯ ಸಿಂಹಾಸನದ ಮೇಲೆ ಕೂತು ಮಕ್ಕಳಿಗೆ ಹಿಂದಿನ ಫ್ಯಾಂಟಮ್‌ಗಳ ಕಥೆ ಹೇಳುವುದು ನನಗೆ ಹೊಡೆದಾಟಕ್ಕಿಂತ ಇಷ್ಟ. ಫಾಕ್ 1999ರಲ್ಲಿ ತೀರಿಕೊಂಡ. ಬೇರೆಯವರು ಮುಂದುವರಿಸಿದರು. ಮಕ್ಕಳು ಬೆಳೆದರು. ಯಾರೂ ಆ ಮದುವೆಗೆ ಕೈ ಹಾಕಲಿಲ್ಲ. ಅದೇನು ಸ್ಪೈಡರ್ ಮ್ಯಾನ್‌ಗೆ ಮಾತ್ರ ಮದುವೆ ಭಾರ?

ಚಂದ್ರವಳ್ಳಿ, ಚಿತ್ರದುರ್ಗ

ಸರ್, ಫ್ಯಾಂಟಮ್ ವಿಷಯ ಬೇರೆ. ಅವನು 21ನೆಯವನು. 1536ರಿಂದ ಅಪ್ಪನಿಂದ ಮಗನಿಗೆ ಬರುವ ಕೆಲಸ ಅದು. ಮದುವೆಯಾಗಿ ಮಕ್ಕಳಾಗದಿದ್ದರೆ 22ನೇ ಫ್ಯಾಂಟಮ್ ಎಲ್ಲಿಂದ ಬರಬೇಕು? ಕಥೆಯ ಬುಡದಲ್ಲೇ ಸಂಸಾರ ಇದೆ. ಪೀಟರ್‌ಗೆ ಹಾಗಿಲ್ಲ.

ಇನ್ನೊಂದು ಮಾತು. ಫ್ಯಾಂಟಮ್‌ನಲ್ಲೂ ಬದಲಾವಣೆ ಆಗಿದೆ, ನೀವು ಇಂದ್ರಜಾಲದಲ್ಲಿ ಓದಿದ್ದೇ ಬದಲಾದ ಫ್ಯಾಂಟಮ್. ಮೂಲದಲ್ಲಿ ಅವನ ಕಾಡಿನ ಹೆಸರು ಬಂಗಾಳದ ಹಾಗೆ ಕೇಳಿಸುತ್ತಿತ್ತು ಅಂತ ಇಲ್ಲಿ ಡೆಂಕಾಲಿ ಮಾಡಿದರು. ಸಿಂಗ್ ಕಡಲುಗಳ್ಳರು ಸಿಂಗಾ ಆದರು. ಅಪ್ಪನನ್ನು ಕೊಂದ ಕಳ್ಳ ಮೂಲದಲ್ಲಿ ರಾಮ, ಇಲ್ಲಿ ರಾಮಾಲು.

ಹಳೇ ಸುಧಾ ಓದುಗ, ಚಿತ್ರದುರ್ಗ

ಡೆಂಕಾಲಿ ಮಾಡಿದ್ದಕ್ಕೆ ನಮಗೇನೂ ನಷ್ಟ ಆಗಲಿಲ್ಲ. ಹೆಸರು ಬದಲಾಯಿತು, ಫ್ಯಾಂಟಮ್ ಬದಲಾಗಲಿಲ್ಲ. ಇಲ್ಲಿಯವರ ಮನಸ್ಸು ನೋಯಬಾರದು ಅಂತ ಮಾಡಿದ್ದು, ಸರಿಯಾಗೇ ಮಾಡಿದರು.

ಟೀಚರಮ್ಮ, ಹೊಳಲ್ಕೆರೆ

ಇಷ್ಟೊಂದು ಗಂಡಸರು ಮೇರಿ ಜೇನ್ ಬಗ್ಗೆ ಮಾತಾಡುತ್ತಿದ್ದೀರಿ, ಒಬ್ಬರೂ ಅವಳ ಕಡೆಯಿಂದ ನೋಡಲಿಲ್ಲ. ಎಲ್ಲರೂ ಪೀಟರ್ ಹೆಂಡತಿಯನ್ನು ಕಳೆದುಕೊಂಡ ಅಂತಲೇ ಹೇಳುತ್ತಿದ್ದೀರಿ.

ಒನ್ ಮೋರ್ ಡೇ ಇನ್ನೊಂದು ಸಲ ಓದಿ ನೋಡಿ. ಕೊನೆಗೆ ಸೈತಾನನ ಮುಂದೆ ಧೈರ್ಯವಾಗಿ ಮಾತಾಡುವವಳು ಅವಳು. ಪೀಟರ್ ಒದ್ದಾಡುತ್ತಿರುತ್ತಾನೆ. ಅವಳು ಷರತ್ತು ಹಾಕುತ್ತಾಳೆ, ಕಿವಿಯಲ್ಲಿ ಏನೋ ಹೇಳುತ್ತಾಳೆ, ಅದು ಏನು ಅಂತ ನಮಗೆ ಗೊತ್ತಾಗಲು 2010ರ ತನಕ ಕಾಯಬೇಕಾಯಿತು. ಬಾಲ್ಯದಲ್ಲಿ ಮನೆಯಲ್ಲಿ ಅಪ್ಪನ ಬೈಗುಳ ತಿಂದು ಬೆಳೆದ ಹುಡುಗಿ. ನಗುನಗುತ್ತಾ ಇರುವುದು ಅವಳ ಮುಖವಾಡ. ಪೀಟರ್‌ನ ಗುಟ್ಟು ಗೊತ್ತಿದ್ದೂ ಎಷ್ಟೋ ವರ್ಷ ಬಾಯಿ ಬಿಡದೆ ಇದ್ದವಳು, 1984ರಲ್ಲಿ ಅದು ಹೊರಗೆ ಬರುತ್ತದೆ. ಇಂಥ ಹೆಣ್ಣನ್ನು ಸಂಪಾದಕರಿಗೆ ಬೇಡವಾದಾಗ ಬದಿಗಿಡುವುದು, ಬೇಕಾದಾಗ ತರುವುದು, ಮಾಯದ ಮಕ್ಕಳನ್ನು ಮಡಿಲಿಗೆ ಹಾಕಿ ಕಿತ್ತುಕೊಳ್ಳುವುದು. 1996ರಲ್ಲಿ ಅವಳಿಗೆ ಹೆರಿಗೆಯಾದಾಗಲೂ ಮಗುವನ್ನು ಉಳಿಸಲಿಲ್ಲ ನೋಡಿ. ತಾಯಿಯಾಗುವುದನ್ನು ಎರಡು ಸಲ ಅವಳಿಂದ ಕಿತ್ತುಕೊಂಡಿದ್ದಾರೆ. ನನಗೆ ಸಿಟ್ಟು ಬರುವುದು ಅಲ್ಲಿ.

ಮತ್ತೆ ಮೇ ಅತ್ತೆ. 2002ರಲ್ಲಿ ಒಂದು ಸಂಚಿಕೆ ಇದೆ. ಸ್ಟ್ರಾಜಿನ್ಸ್ಕಿ ಬರೆದಿದ್ದು, ಚಿತ್ರ ಜಾನ್ ರೊಮಿಟಾ ಜೂನಿಯರ್. ಖಳನಾಯಕನೇ ಇಲ್ಲ. ಪೀಟರ್ ಮತ್ತು ಅತ್ತೆ ಮನೆಯಲ್ಲಿ ಕೂತು ಮಾತಾಡುತ್ತಾರೆ, ಅಷ್ಟೇ ಇಡೀ ಸಂಚಿಕೆ. ಅವನ ಗುಟ್ಟು ಅವಳಿಗೆ ಗೊತ್ತಾಗಿದೆ. ಬೆನ್ ಮಾವನ ಸಾವಿಗೆ ತಾನೇ ಕಾರಣ ಅಂತ ಇವನು ಎದೆಯಲ್ಲಿಟ್ಟುಕೊಂಡಿದ್ದನ್ನು ಹೇಳುತ್ತಾನೆ. ಆವತ್ತು ಗಂಡ ಮನೆಯಿಂದ ಹೊರಗೆ ಹೋಗಿದ್ದು ತನ್ನಿಂದ ಅಂತ ಅವಳೂ ಅಷ್ಟೂ ವರ್ಷ ಕೊರಗಿರುತ್ತಾಳೆ. ನನ್ನ ಮಟ್ಟಿಗೆ ಸ್ಪೈಡರ್ ಮ್ಯಾನ್‌ನಲ್ಲಿ ಅದಕ್ಕಿಂತ ಒಳ್ಳೆಯದು ಬಂದಿಲ್ಲ. ಒನ್ ಮೋರ್ ಡೇ ಮದುವೆ ಜೊತೆಗೆ ಇದನ್ನೂ ತೊಳೆದುಹಾಕಿತು. ಅತ್ತೆಗೆ ಎಲ್ಲವೂ ಮರೆತುಹೋಯಿತು.

ಜೋಗಿಮಟ್ಟಿ, ಚಿತ್ರದುರ್ಗ

ಅಕ್ಕಾ, ಇದು ಸತ್ಯವಾದ ಮಾತು. ಅದೇ ಸ್ಟ್ರಾಜಿನ್ಸ್ಕಿ ಕೈಯಲ್ಲೇ ಒನ್ ಮೋರ್ ಡೇ ಬರೆಸಿದರು ನೋಡಿ, ಅದು ಇನ್ನೂ ನೋವು. ಕೊನೆಯ ಎರಡು ಸಂಚಿಕೆಯಿಂದ ನನ್ನ ಹೆಸರು ತೆಗೆಯಿರಿ ಅಂತ ಕೇಳಿದ್ದೆ ಅಂತ ಅವರೇ ಆಮೇಲೆ ಬಹಿರಂಗವಾಗಿ ಹೇಳಿದರು.

ಗಡಿಯಾರ ಕಂಬ, ದಾವಣಗೆರೆ

ಡಿಂಗನನ್ನು ಯಾರೂ ನೆನಪಿಸಿಕೊಳ್ಳಲಿಲ್ಲವಲ್ಲ! ನಮ್ಮ ಸೂಪರ್ ಹೀರೋ ಅವನು.

ಪಿಜೆ ಬಡಾವಣೆ, ದಾವಣಗೆರೆ

ಬಾಲಮಂಗಳದ ಡಿಂಗ! ಅವನು ಬಂದ ಮೇಲೆ ಎಲ್ಲಾ ಸರಿ ಹೋಗುತ್ತಿತ್ತು. ಇಲಿಯನ್ನು ಬೇರೆ ಗ್ರಹದವರು ಹಿಡಿದುಕೊಂಡು ಹೋಗಿ ಪ್ರಯೋಗ ಮಾಡಿ ಶಕ್ತಿ ಬಂದಿದ್ದು. ಸ್ಕೂಲ್ ಬ್ಯಾಗಲ್ಲಿ ಗಣಿತದ ಪುಸ್ತಕದ ಮಧ್ಯೆ ಇಟ್ಟುಕೊಂಡು ಓದುತ್ತಿದ್ದೆವು.

ಕುಂದವಾಡ ಕೆರೆ, ದಾವಣಗೆರೆ

ಡಿಂಗ ಹುಟ್ಟಿದ್ದು ಮಲಯಾಳಂನಲ್ಲಿ, 1983ರಲ್ಲಿ. ಅಲ್ಲಿ ಅವನು ಡಿಂಕನ್. ನಮಗೆ ಕನ್ನಡದಲ್ಲಿ ಬಂತು.

ಗಡಿಯಾರ ಕಂಬ, ದಾವಣಗೆರೆ

ಎಲ್ಲಿ ಹುಟ್ಟಿದರೇನು, ಕನ್ನಡ ಓದಲು ಕಲಿತಿದ್ದೇ ನಾನು ಅವನಿಂದ. ಚಿತ್ರಕಥೆ ಅಂದರೆ ನಮ್ಮ ಭಾಷೆಗೆ ಹೊರಗಿನದು ಅಂತ ಜನ ಅಂದುಕೊಂಡಿದ್ದಾರೆ. ಅಮರ ಚಿತ್ರ ಕಥೆ ಮೊಟ್ಟಮೊದಲು ಬಂದಿದ್ದೇ ಕನ್ನಡದಲ್ಲಿ, 1965ರಲ್ಲಿ, ಬೆಂಗಳೂರಿನಿಂದ. ಆಮೇಲೆ ಉಳಿದ ಭಾಷೆ.

ಚಂದ್ರವಳ್ಳಿ, ಚಿತ್ರದುರ್ಗ

ವಿಷಯ ಎಲ್ಲಿಗೋ ಹೋಗುತ್ತಿದೆ. ಒಂದು ಪ್ರಶ್ನೆ ಇದೆ ನನಗೆ. ಮಂಡಿಪೇಟೆ ಹುಡುಗ ಅವರೇ, ಬದಲಾವಣೆ ಬೇಡ ಅಂದರೆ ಎಲ್ಲಿಗೆ ನಿಲ್ಲಿಸುತ್ತೀರಿ? 1984ರಲ್ಲಿ ಕೆಂಪು ನೀಲಿ ಬಟ್ಟೆ ತೆಗೆದು ಕಪ್ಪು ಬಟ್ಟೆ ಹಾಕಿದರು. ಆಗಲೂ ಹಳಬರು ಕೂಗಾಡಿದರು. ಆ ಕಪ್ಪು ಬಟ್ಟೆಯ ಐಡಿಯಾ ಒಬ್ಬ ಓದುಗನದು, 220 ಡಾಲರ್ ಕೊಟ್ಟು ಕೊಂಡುಕೊಂಡಿದ್ದು. ಅದು ಬಟ್ಟೆ ಅಲ್ಲ, ಜೀವ ಇರುವ ವಸ್ತು ಅಂತ ಆಮೇಲೆ ಕಥೆ ಕಟ್ಟಿದರು. 1988ರಲ್ಲಿ 300ನೇ ಸಂಚಿಕೆಗೆ ಅದು ವೆನಮ್ ಅನ್ನುವ ಖಳನಾಯಕ ಆಯಿತು. ಹಳಬರ ಮಾತು ಕೇಳಿ ಕಪ್ಪು ಬಟ್ಟೆಯನ್ನು ಶುರುವಿನಲ್ಲೇ ಕೈಬಿಟ್ಟಿದ್ದರೆ ವೆನಮ್ ಇರುತ್ತಿರಲಿಲ್ಲ.

ಸಿನಿಮಾ ನೋಡಿ ಮಾಡುವ ಬದಲಾವಣೆ ಮಾತ್ರ ನನಗೂ ಆಗುವುದಿಲ್ಲ. 2002ರ ಸಿನಿಮಾದಲ್ಲಿ ಕೈಯಿಂದಲೇ ಬಲೆ ಬರುತ್ತದೆ ಅಂತ 2004ರಲ್ಲಿ ಪುಸ್ತಕದಲ್ಲೂ ಹಾಗೇ ಮಾಡಿದರು. ಬಲೆ ಬಿಡುವ ಯಂತ್ರವನ್ನು ತಾನೇ ತಯಾರಿಸಿಕೊಂಡಿದ್ದೇ ಪೀಟರ್‌ನ ಬುದ್ಧಿವಂತಿಕೆ. ರಾಸಾಯನಿಕ ಮುಗಿದುಹೋಗಿ ಗಾಳಿಯಲ್ಲಿ ಬೀಳುತ್ತಾ ಜೇಬು ತಡಕಾಡುವುದರಲ್ಲಿ ಮಜಾ ಇತ್ತು. ಒನ್ ಮೋರ್ ಡೇ ನಂತರ ಯಂತ್ರ ವಾಪಸ್ ಬಂತು. ಅಂದರೆ ನೀವು ಬೈಯುವ ಕಥೆಯಿಂದಲೂ ಒಂದು ಒಳ್ಳೇದಾಗಿದೆ.

ಮಂಡಿಪೇಟೆ ಹುಡುಗ, ದಾವಣಗೆರೆ

ಬದಲಾವಣೆ ಬೇಡ ಅಂತ ನಾನು ಎಲ್ಲೂ ಬರೆದಿಲ್ಲ. ನನ್ನ ಮೊದಲ ಬರಹ ಇನ್ನೊಮ್ಮೆ ನೋಡಿ. ಕಪ್ಪು ಬಟ್ಟೆ ಬಂದಾಗ ಕೆಂಪು ನೀಲಿ ಬಟ್ಟೆ ಹಾಕೇ ಇರಲಿಲ್ಲ ಅಂತ ಯಾರೂ ಹೇಳಲಿಲ್ಲ. ನನ್ನ ಗೆರೆ ಅಲ್ಲಿದೆ. ಮುಂದಕ್ಕೆ ಏನು ಬೇಕಾದರೂ ಮಾಡಿ. ಹಿಂದೆ ಹೋಗಿ ಆಗಿದ್ದನ್ನು ಆಗಿಲ್ಲ ಅನ್ನಬೇಡಿ.

ಏಳು ಸುತ್ತು, ಚಿತ್ರದುರ್ಗ

ದುರ್ಗದವನಾಗಿ ಹೇಳುತ್ತೇನೆ. ಓಬವ್ವ ಕಿಂಡಿಯ ಹತ್ತಿರ ನಿಲ್ಲಲೇ ಇಲ್ಲ, ಒನಕೆ ಹಿಡಿಯಲೇ ಇಲ್ಲ, ಗಂಡನ ಊಟಕ್ಕೆ ನೀರು ತಂದುಕೊಟ್ಟು ಮನೆಯಲ್ಲೇ ಇದ್ದಳು ಅಂತ ಯಾರಾದರೂ ನಾಳೆ ಕಥೆ ಬರೆದರೆ ನಾವು ಸುಮ್ಮನಿರುತ್ತೇವಾ? ಮೇರಿ ಜೇನ್ ಬಾಗಿಲು ಹಾಕಿ ಒಳಗೆ ನಿಂತಿದ್ದು ಆ ಓದುಗರಿಗೆ ಹಾಗೇ.

ಚಂದ್ರವಳ್ಳಿ, ಚಿತ್ರದುರ್ಗ

ಹೋಲಿಕೆ ಸರಿಯಿಲ್ಲ ಅಣ್ಣ. ಓಬವ್ವ ನಮ್ಮೂರ ಜನರ ಬಾಯಲ್ಲಿ ಉಳಿದವಳು, ಯಾರೊಬ್ಬರ ಸ್ವತ್ತೂ ಅಲ್ಲ. ಸ್ಪೈಡರ್ ಮ್ಯಾನ್‌ಗೆ ಮಾಲೀಕರಿದ್ದಾರೆ, 2009ರಿಂದ ಡಿಸ್ನಿ. ಅವರ ಅಂಗಡಿ, ಅವರ ಸರಕು. ಬೇಡವಾದರೆ ಕೊಳ್ಳುವುದನ್ನು ಬಿಡಬಹುದು, ಅಷ್ಟೇ ನಮ್ಮ ಕೈಯಲ್ಲಿರುವುದು.

ಟೀಚರಮ್ಮ, ಹೊಳಲ್ಕೆರೆ

ಕಾಗದದ ಮೇಲೆ ಮಾಲೀಕರು ಅವರೇ, ಒಪ್ಪಿದೆ. ಆದರೆ ಸ್ಟ್ಯಾನ್ ಲೀ, ಸ್ಟೀವ್ ಡಿಟ್ಕೋ ಶುರು ಮಾಡಿದ್ದನ್ನು 60 ವರ್ಷ ಉಳಿಸಿದ್ದು ಯಾರು? ತಿಂಗಳು ತಿಂಗಳು ದುಡ್ಡು ಕೊಟ್ಟು ಓದಿದವರು. ಅವರ ಮಾತಿಗೆ ಬೆಲೆ ಇಲ್ಲ ಅಂದರೆ ಹೇಗೆ? ದಿನಪತ್ರಿಕೆಗೆ ಬರುತ್ತಿದ್ದ ಸ್ಪೈಡರ್ ಮ್ಯಾನ್ ಚಿತ್ರಪಟ್ಟಿಯ (ಕಾಮಿಕ್ ಸ್ಟ್ರಿಪ್) ಕಥೆ ಗೊತ್ತಾ ನಿಮಗೆ? 1977ರಿಂದ ಸ್ಟ್ಯಾನ್ ಲೀ ಹೆಸರಲ್ಲಿ ಬರುತ್ತಿತ್ತು. ಅದರಲ್ಲೂ 1987ರಲ್ಲಿ ಮದುವೆ ಆಗಿತ್ತು. ಒನ್ ಮೋರ್ ಡೇ ಆದ ಮೇಲೆ, 2009ರ ಜನವರಿಯಲ್ಲಿ, ಅಲ್ಲೂ ಪೀಟರ್‌ನನ್ನು ಮದುವೆಯಾಗದ ಕಾಲೇಜು ಹುಡುಗ ಮಾಡಿದರು. ಪತ್ರಿಕೆ ಓದುವವರು ಒಪ್ಪಲಿಲ್ಲ, ಕಾಗದ ಬರೆದರು. ಅದೇ ವರ್ಷ ಮೇ ತಿಂಗಳಲ್ಲಿ ಪೀಟರ್ ನಿದ್ದೆಯಿಂದ ಏಳುತ್ತಾನೆ, ಇಷ್ಟು ದಿನ ಕಂಡಿದ್ದು ಕನಸು, ಪಕ್ಕದಲ್ಲಿ ಹೆಂಡತಿ ಇದ್ದಾಳೆ. 2019ರಲ್ಲಿ ಪಟ್ಟಿ ನಿಲ್ಲುವ ತನಕ ಅವರು ಗಂಡ ಹೆಂಡತಿಯೇ.

ಪಿಜೆ ಬಡಾವಣೆ, ದಾವಣಗೆರೆ

ಇದು ಗೊತ್ತೇ ಇರಲಿಲ್ಲ! ಅಂದರೆ ಮನಸ್ಸು ಮಾಡಿದರೆ ಸರಿ ಮಾಡಬಹುದು.

ಕುಂದವಾಡ ಕೆರೆ, ದಾವಣಗೆರೆ

ಪತ್ರಿಕೆಯ ಪಟ್ಟಿ ಬೇರೆ, ಕಾಮಿಕ್ಸ್ ಬೇರೆ. ಪಟ್ಟಿ ಒಂದೇ, ಅದನ್ನು ತಿರುಗಿಸುವುದು ಸುಲಭ. ಇಲ್ಲಿ ಹತ್ತಾರು ಪುಸ್ತಕಗಳು ಒಂದಕ್ಕೊಂದು ಹೆಣೆದುಕೊಂಡಿವೆ.

ಓದುಗರ ಮಾತು ಕೇಳುವುದಕ್ಕೂ ಮಿತಿ ಬೇಕು. ಮಾರಾಟ ಚೆನ್ನಾಗಿದೆ ಅಂತಲೇ ಕ್ಲೋನ್ (ಪೀಟರ್‌ನ ತದ್ರೂಪಿ) ಕಥೆಯನ್ನು 1994ರಿಂದ 1996ರ ತನಕ ರಬ್ಬರಿನ ಹಾಗೆ ಎಳೆದರು. ಇಷ್ಟು ವರ್ಷ ನೀವು ಓದಿದ ಪೀಟರ್ ನಿಜವಾದ ಪೀಟರ್ ಅಲ್ಲ, ತದ್ರೂಪಿ ಅಂದುಕೊಂಡಿದ್ದ ಬೆನ್ ರೈಲಿ ನಿಜವಾದವನು ಅಂದರು. ಜನ ರೊಚ್ಚಿಗೆದ್ದರು. ಅಲ್ಲ ಅಲ್ಲ, ಪೀಟರೇ ನಿಜ, ಎಲ್ಲಾ ಹಳೇ ಶತ್ರು ನಾರ್ಮನ್ ಆಸ್ಬಾರ್ನ್ ಆಟ ಅಂತ ತಿರುಗಿಸಿದರು. ಸಿಟ್ಟಿಗೆ ಹೆದರಿ ತಿರುಗಿಸಿದರೆ ಹೀಗೂ ಆಗುತ್ತದೆ, ಬೆನ್ ರೈಲಿಯನ್ನು ಇಷ್ಟಪಟ್ಟವರಿಗೆ ಆಗ ಯಾರು ಉತ್ತರ ಕೊಟ್ಟರು?

ಹರಿಹರೇಶ್ವರ, ಹರಿಹರ

ಬೆನ್ ರೈಲಿಯನ್ನು ಇಷ್ಟಪಟ್ಟವನು ನಾನು. ತೋಳಿಲ್ಲದ ನೀಲಿ ಹೂಡಿ ಹಾಕಿಕೊಂಡು ಬರುತ್ತಿದ್ದನಲ್ಲ, ಅದೇ ನನಗೆ ಸ್ಪೈಡರ್ ಮ್ಯಾನ್. ನಮಗೆ ಇವತ್ತಿಗೂ ಯಾರೂ ಉತ್ತರ ಕೊಟ್ಟಿಲ್ಲ.

ಗಡಿಯಾರ ಕಂಬ, ದಾವಣಗೆರೆ

ಮುಂಬೈ ಸ್ಪೈಡರ್ ಮ್ಯಾನ್ ಯಾರಾದರೂ ಓದಿದ್ದೀರಾ? 2004ರಲ್ಲಿ ಬಂದಿತ್ತು, ಪವಿತ್ರ ಪ್ರಭಾಕರ್. ಧೋತಿ ಉಟ್ಟುಕೊಂಡು ಹಾರುತ್ತಾನೆ, ಶಕ್ತಿ ಕೊಟ್ಟಿದ್ದು ಜೇಡ ಕಚ್ಚಿದ್ದಲ್ಲ, ಒಬ್ಬ ಯೋಗಿ. ನಮ್ಮವನು ಅಂತ ಖುಷಿಯಾಗಿತ್ತು. ಬರೀ ನಾಲ್ಕು ಸಂಚಿಕೆಗೆ ಮುಗಿಸಿದರು.

ಜೋಗಿಮಟ್ಟಿ, ಚಿತ್ರದುರ್ಗ

2023ರ ಸಿನಿಮಾದಲ್ಲಿ ಬಂದ ಮೇಲೆ ಅವನಿಗೆ ಮತ್ತೆ ಜೀವ ಬಂದಿದೆ.

ಹೊಸ ಓದುಗಿ, ದಾವಣಗೆರೆ

ಕಾಲೇಜಿನಲ್ಲಿ ಓದುತ್ತಿದ್ದೇನೆ. ನೀವೆಲ್ಲ ಹೊಸ ಓದುಗರು, ಹೊಸ ಓದುಗರು ಅನ್ನುತ್ತಿದ್ದೀರಲ್ಲ, ನಾನೇ ಆ ಹೊಸ ಓದುಗಿ. ನನಗೆ ಪೀಟರ್‌ಗೆ ಮದುವೆಯಾಗಿದ್ದರೆ ಏನೂ ತೊಂದರೆ ಇಲ್ಲ! ನಾನು ಶುರು ಮಾಡಿದ್ದೇ 2024ರ ಅಲ್ಟಿಮೇಟ್ ಸರಣಿಯಿಂದ. ಬರೆದಿದ್ದು ಜೊನಾಥನ್ ಹಿಕ್‌ಮನ್, ಚಿತ್ರ ಮಾರ್ಕೊ ಕೆಕೆಟ್ಟೊ. ಅದರಲ್ಲಿ ಪೀಟರ್‌ಗೆ ಮೊದಲೇ ಮದುವೆಯಾಗಿದೆ, ಹೆಂಡತಿ ಮೇರಿ ಜೇನ್, ರಿಚರ್ಡ್ ಮತ್ತು ಮೇ ಅಂತ ಇಬ್ಬರು ಮಕ್ಕಳು. ಗಡ್ಡ ಬಿಟ್ಟಿದ್ದಾನೆ. ಬೆನ್ ಮಾವ ಬದುಕಿದ್ದಾನೆ, ಮೇ ಅತ್ತೆ ಇಲ್ಲ. ಆ ವಯಸ್ಸಿನಲ್ಲಿ ಅವನಿಗೆ ಜೇಡ ಕಚ್ಚುತ್ತದೆ. ಬಟ್ಟೆ ಕಪ್ಪು ಇರಲಿ ಅಂದರೆ ಮಗಳು ಹೆದರಿಕೆ ಆಗುತ್ತೆ ಅನ್ನುತ್ತಾಳೆ, ಅವಳ ಮಾತು ಕೇಳಿ ಬಣ್ಣ ಬದಲಾಗುತ್ತದೆ. ನನ್ನ ಗೆಳತಿಯರೆಲ್ಲ ಓದಿದ್ದಾರೆ. ಒಬ್ಬರಿಗೂ ಇವನು ಮುದುಕ ಅನ್ನಿಸಲಿಲ್ಲ. ಆ ಸರಣಿ ಬಂದಾಗ ಸಂಚಿಕೆಗಳು ಸಿಗದೆ ಮತ್ತೆ ಮತ್ತೆ ಅಚ್ಚು ಹಾಕಿಸಿದರು.

ಹಳೇ ಸುಧಾ ಓದುಗ, ಚಿತ್ರದುರ್ಗ

ಅಲ್ಲಿಗೆ ಮುಗಿಯಿತು ನೋಡಿ. ಮದುವೆಯಾದವನನ್ನು ಹೊಸಬರು ಓದುವುದಿಲ್ಲ ಅನ್ನುವ ವಾದವೇ ನಿಲ್ಲುವುದಿಲ್ಲ. ಚೆನ್ನಾಗಿ ಬರೆದಿದ್ದೀಯ ಮಗಳೇ.

ಕುಂದವಾಡ ಕೆರೆ, ದಾವಣಗೆರೆ

ಮುಗಿಯಲಿಲ್ಲ ಸರ್. ಅಲ್ಟಿಮೇಟ್ ಬೇರೆ ಲೋಕ, ಬೇರೆ ಪೀಟರ್. ಅದು ಗೆದ್ದಿದ್ದು ಮೂಲ ಪೀಟರ್ ಬೇರೆ ಇದ್ದಾನೆ ಅನ್ನುವ ಧೈರ್ಯದ ಮೇಲೆ. ಮದುವೆ ಬೇಕಾದವರಿಗೆ ಅದು, ಬೇಡದವರಿಗೆ ಇದು. ಎಲ್ಲರಿಗೂ ಒಂದೊಂದು ಸಿಕ್ಕಿತಲ್ಲ, ಇನ್ನೇನು ಜಗಳ?

ಮಂಡಿಪೇಟೆ ಹುಡುಗ, ದಾವಣಗೆರೆ

ಅಲ್ಟಿಮೇಟ್ ನಾನೂ ಓದಿದ್ದೇನೆ. ತುಂಬಾ ಚೆನ್ನಾಗಿದೆ. ಆದರೆ ನನ್ನ ಹಸಿವು ಅದರಿಂದ ಹೋಗಲಿಲ್ಲ, ಯಾಕೆ ಅಂತ ಹೇಳುತ್ತೇನೆ. ಆ ಪೀಟರ್ ಗ್ವೆನ್‌ಳನ್ನು ಸೇತುವೆಯ ಮೇಲೆ ಕಳೆದುಕೊಂಡಿಲ್ಲ. ಡಿಟ್ಕೋ ಚಿತ್ರ ಬಿಡಿಸಿದ 33ನೇ ಸಂಚಿಕೆಯಲ್ಲಿ ಅತ್ತೆಯ ಔಷಧಿ ಎದುರಿಗೆ ಬಿದ್ದಿರುವಾಗ, ತಲೆಯ ಮೇಲೆ ನೀರು ಸುರಿಯುತ್ತಿರುವಾಗ, ಬೆನ್ನ ಮೇಲಿನ ಕಬ್ಬಿಣದ ಯಂತ್ರವನ್ನು ಇಂಚಿಂಚಾಗಿ ಎತ್ತಿ ನಿಂತವನಲ್ಲ. ಆ ಮೇರಿ ಜೇನ್ ಬಾಗಿಲು ಹಾಕಿ ಒಳಗೆ ನಿಂತವಳಲ್ಲ. ನನಗೆ ಸುಖವಾದ ಪೀಟರ್ ಬೇಕಾಗಿಲ್ಲ. ಇಷ್ಟೆಲ್ಲ ಪಟ್ಟಪಾಡು ಪಟ್ಟವನಿಗೆ ಒಂದು ಮನೆ ಸಿಗಬೇಕಾಗಿತ್ತು. ಸಿಕ್ಕಿತ್ತು. ಅದನ್ನು ವಾಪಸ್ ಕೊಡಿ ಅಂತ ಕೇಳುತ್ತಿರುವುದು.

ಚಂದ್ರವಳ್ಳಿ, ಚಿತ್ರದುರ್ಗ

ಈಗ ನಿಮ್ಮ ಮಾತು ನನಗೆ ಅರ್ಥವಾಯಿತು. ಒಪ್ಪುತ್ತೇನೆ ಅಂತಲ್ಲ. ಯಾವತ್ತೂ ಮುಗಿಯಬಾರದು ಅಂತ ಮಾಡಿದ ಕಥೆಯಲ್ಲಿ ಯಾರಿಗೂ ಮನೆ ಸಿಗುವುದಿಲ್ಲ. ಫಾಕ್ ಒಬ್ಬನೇ 60 ವರ್ಷಕ್ಕೂ ಜಾಸ್ತಿ ಫ್ಯಾಂಟಮ್ ಬರೆದ, ಅವನಿಗೆ ತನ್ನ ಪಾತ್ರದ ಮೇಲೆ ಹಿಡಿತ ಇತ್ತು. ಸ್ಪೈಡರ್ ಮ್ಯಾನ್ ಐದಾರು ವರ್ಷಕ್ಕೆ ಕೈ ಬದಲಾಗುತ್ತಾನೆ. ಬರುವವರೆಲ್ಲ ತಮ್ಮ ಬಾಲ್ಯದಲ್ಲಿ ಓದಿದ ಪೀಟರ್‌ನನ್ನೇ ಮತ್ತೆ ತರಲು ನೋಡುತ್ತಾರೆ. ಕೆಸಾಡಾ ಮಾಡಿದ್ದೂ ಅದೇ, ನೀವು ಕೇಳುತ್ತಿರುವುದೂ ಅದೇ.

ಟೀಚರಮ್ಮ, ಹೊಳಲ್ಕೆರೆ

ಎರಡೂ ಒಂದೇ ಅಲ್ಲ. ಕೆಸಾಡಾ ತನ್ನ ಬಾಲ್ಯಕ್ಕಾಗಿ ಬೇರೆಯವರ 20 ವರ್ಷ ಅಳಿಸಿದರು. ಇವರು ಯಾರದ್ದನ್ನೂ ಅಳಿಸಿ ಅನ್ನುತ್ತಿಲ್ಲ. 2008ರ ನಂತರದ ಕಥೆಗಳೂ ಇರಲಿ, ಮದುವೆಯ ನೆನಪು ಇಬ್ಬರಿಗೂ ವಾಪಸ್ ಬರಲಿ. ಆಮೇಲೆ ಜೊತೆಗಿರುತ್ತಾರೋ ಬಿಡುತ್ತಾರೋ ಅವರೇ ತೀರ್ಮಾನ ಮಾಡಲಿ. ಅದೇ ಎಷ್ಟು ಒಳ್ಳೇ ಕಥೆಯಾಗುತ್ತದೆ ಯೋಚನೆ ಮಾಡಿ.

ಜೋಗಿಮಟ್ಟಿ, ಚಿತ್ರದುರ್ಗ

ಅಕ್ಕಾ, ನೀವೇ ಬರೆಯಿರಿ. ನಾನು ಕೊಂಡು ಓದುತ್ತೇನೆ.

ಪಿಜೆ ಬಡಾವಣೆ, ದಾವಣಗೆರೆ

ಸರಿ, ಸಿನಿಮಾ ನೋಡಿದವನು ಪುಸ್ತಕ ಶುರು ಮಾಡಬೇಕು ಅಂದರೆ ಎಲ್ಲಿಂದ? ಎಲ್ಲಾ ಓದಲು ಆಗುವುದಿಲ್ಲ, ದುಡ್ಡೂ ಜಾಸ್ತಿ.

ಹೊಸ ಓದುಗಿ, ದಾವಣಗೆರೆ

ಅಲ್ಟಿಮೇಟ್ 2024. ಕಣ್ಣು ಮುಚ್ಚಿಕೊಂಡು ಶುರು ಮಾಡಿ.

ಮಂಡಿಪೇಟೆ ಹುಡುಗ, ದಾವಣಗೆರೆ

ಮೊದಲು ಡಿಟ್ಕೋ ಚಿತ್ರ ಬಿಡಿಸಿದ 31ರಿಂದ 33. ಆಮೇಲೆ 121, 122. ಆಮೇಲೆ ಟೀಚರ್ ಹೇಳಿದ 2002ರ ಅತ್ತೆ ಸಂಚಿಕೆ, ಸ್ಟ್ರಾಜಿನ್ಸ್ಕಿ ಸಂಪುಟದಲ್ಲಿ ಸಿಗುತ್ತದೆ. ಮೂರೂ ನನ್ನ ಹತ್ತಿರ ಇವೆ, ಕೊಳ್ಳುವುದು ಬೇಡ. ಭಾನುವಾರ ಬೆಳಿಗ್ಗೆ ಗುಂಡಿ ಸರ್ಕಲ್ ಹತ್ತಿರ ಬನ್ನಿ, ಕೊಡುತ್ತೇನೆ. ಪುಟ ಮಡಚಬಾರದು, ಎಣ್ಣೆ ಕೈಯಲ್ಲಿ ಮುಟ್ಟಬಾರದು.

ಪಿಜೆ ಬಡಾವಣೆ, ದಾವಣಗೆರೆ

ಬರುತ್ತೇನೆ ಅಣ್ಣ. ಬೆಣ್ಣೆ ದೋಸೆ ತಿಂದು ಕೈ ತೊಳೆದುಕೊಂಡ ಮೇಲೇ ಪುಸ್ತಕ ಮುಟ್ಟುತ್ತೇನೆ.

ಹರಿಹರೇಶ್ವರ, ಹರಿಹರ

ಬೆನ್ ರೈಲಿ ಸಂಪುಟ ಯಾರ ಹತ್ತಿರವಾದರೂ ಇದ್ದರೆ ನಾನೂ ಬರುತ್ತೇನೆ.